ಟವೆಲಿನ ಕೆಳಗೆ ಒಂದು ಕಾರು

ಯಾರು ಮೊದಲು ಟವೆಲ್ ಬಿಚ್ಚಿದರು ಎಂಬುದರ ಬಗ್ಗೆ ನಮ್ಮ ಮನೆಯಲ್ಲಿ ಇವತ್ತಿಗೂ ಒಮ್ಮತವಿಲ್ಲ. ನನ್ನ ಪ್ರಕಾರ ಸೋದರಮಾವ. ಹೆಂಡತಿಯ ಪ್ರಕಾರ ಶೋರೂಮಿನ ಮಾಲೀಕ. ಮಾವನನ್ನೇ ಕೇಳಿದರೆ, "ಅದು ತಾನಾ ಬಿಚ್ಕೊಂತು" ಎನ್ನುತ್ತಾನೆ. ಹೀಗಾಗಿ ಇಲ್ಲಿ ಬರೆಯುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ಆಮೇಲೆ ಹೇಳಿ ಹೇಳಿ ನಡೆದಂತಾದದ್ದು ಎಂದು ಗೆರೆ ಎಳೆಯುವ ಧೈರ್ಯ ನನಗಿಲ್ಲ. ಖಚಿತವಾಗಿ ಹೇಳಬಲ್ಲದ್ದು ಇಷ್ಟು: ಅದು ಶನಿವಾರ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಹೆಂಡತಿ ಸಂಡೂರಿನಲ್ಲಿ ಇರಲೇಬೇಕಿತ್ತು.

ಅವಳು ಅಲ್ಲಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಗುತ್ತಿಗೆ ನೌಕರಿಯಲ್ಲಿದ್ದಳು. ಕಮಲಾಪುರದಿಂದ ಹೊಸಪೇಟೆಗೆ ಒಂದು ಬಸ್ಸು, ಅಲ್ಲಿಂದ ಸಂಡೂರಿಗೆ ಇನ್ನೊಂದು. ಮೊದಲನೆಯದು ಐದು ನಿಮಿಷ ತಡವಾದರೆ ಎರಡನೆಯದು ಹೋಗಿಬಿಟ್ಟಿರುತ್ತಿತ್ತು. ಮೂರು ಸಲ ತಡವಾಗಿತ್ತು. ಇನ್ನೊಮ್ಮೆ ಆದರೆ ಗುತ್ತಿಗೆ ಮುಂದುವರಿಸುವುದಿಲ್ಲ ಎಂದು ಕಾಗದ ಬಂದಿತ್ತು. ನನ್ನ ಕೆಲಸ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ, ಪೂರ್ತಿ ಉಲ್ಟಾ ದಿಕ್ಕು. ಬೈಕಿನಲ್ಲಿ ಬಿಟ್ಟು ಬರುವ ಮಾತೇ ಇರಲಿಲ್ಲ. ಅವಳಿಗೆ ಲೈಸೆನ್ಸ್ ಇತ್ತು, ಅಣ್ಣನ ಕಾರು ಓಡಿಸಿ ಕೈ ಕುದುರಿತ್ತು. ನಮ್ಮ ಹತ್ತಿರ ಮೂರು ಲಕ್ಷ ಇತ್ತು. ಅದಕ್ಕಿಂತ ಒಂದು ರೂಪಾಯಿಯೂ ಹೆಚ್ಚಿರಲಿಲ್ಲ.

ವ್ಯಾಪಾರಕ್ಕೆ ಮೆಟ್ರಿಯಿಂದ ಮಾವನನ್ನು ಕರೆಸಿದವನು ನಾನೇ. ಅವನಿಗೆ ಕಾರು ಓಡಿಸಲು ಬರುವುದಿಲ್ಲ. ಆದರೆ ನಲವತ್ತು ವರ್ಷ ದನದ ಸಂತೆ ತಿರುಗಿದವನು, ಅವನು ಕೈ ಹಾಕಿದ ಎತ್ತು ಕುಂಟಿದ್ದನ್ನು ಯಾರೂ ಕಂಡಿಲ್ಲ.

ಹಳೇ ಕಾರುಗಳ ಆ ಶೋರೂಮು ಹೊಸಪೇಟೆಯ ಬೈಪಾಸ್ ಪಕ್ಕ. ಗಾಜಿನ ಕೋಣೆ, ಅದರ ಮೇಲೆ 'ದರ ನಿಗದಿ, ಚೌಕಾಸಿ ಇಲ್ಲ' ಎಂಬ ಫಲಕ. ಅಂಗಳದಲ್ಲಿ ತೊಳೆದು ನಿಲ್ಲಿಸಿದ ಕಾರುಗಳು. ನಮಗೆ ಹಿಡಿಸಿದ್ದು ಒಂದು ಬಿಳಿ ಕಾರು. ಗಾಜಿನ ಮೇಲೆ ಮೂರು ಲಕ್ಷ ನಲವತ್ತು ಸಾವಿರ ಎಂದು ಬರೆದಿತ್ತು. ಮಾವ ಅದರ ಸುತ್ತ ಎರಡು ಸುತ್ತು ಬಂದ. ಬಾನೆಟ್ ಎತ್ತಿಸಿ ಇಣುಕಿದ. ಟೈರಿಗೆ ಅಂಗೈಯಿಂದ ಹೊಡೆದ. ಆಮೇಲೆ ಡಿಕ್ಕಿ ತೆಗೆಸಿ, ಸ್ಟೆಪ್ನಿ ಎತ್ತಿಸಿ, ಅದರ ಕೆಳಗಿನ ಗುಣಿಯಲ್ಲಿ ಬೆರಳಾಡಿಸಿ, ಬೆರಳನ್ನು ಬಿಸಿಲಿಗೆ ಹಿಡಿದ.

ನಮ್ಮ ಕಡೆ ಹಳೇ ಗಾಡಿ ಕೊಳ್ಳುವವರೆಲ್ಲ ಮಾಡುವುದು ಇದನ್ನೇ. ಸಂಡೂರಿನ ಗಣಿಗಳಿಗೆ ಬಾಡಿಗೆಗೆ ಹೋಗಿ ಬಂದ ಕಾರಿನ ಸಂದಿಗೊಂದಿಯಲ್ಲೆಲ್ಲ ಅದಿರಿನ ಕೆಂಪು ಕೂತಿರುತ್ತದೆ. ಎಷ್ಟು ತೊಳೆದರೂ ಹೋಗುವುದಿಲ್ಲ. ಕೆಂಪು ಕಂಡರೆ ಗಾಡಿ ಸವೆದಿದೆ ಎಂದು ಅರ್ಥ. ಮಾವನ ಬೆರಳು ಕೆಂಪಾಗಿರಲಿಲ್ಲ.

"ಗಣಿ ಗಾಡಿ ಏನಪ್ಪಾ?" ಎಂದು ಕೇಳಿದ.

"ಅಲ್ರೀ ಹಿರ್ಯಾರ. ನಮ್ಮಪ್ಪನಾಣಿ ಅಲ್ಲ" ಎಂದ ಮಾಲೀಕ. ಮೂವತ್ತೈದರ ಆಸುಪಾಸಿನ ಮನುಷ್ಯ. "ನಮ್ಮಪ್ಪಾರೂ ಸಂತ್ಯಾಗ ದಲ್ಲಾಳಿ ಇದ್ರು. ನಿಮ್ಮ ಮಾರಿ ನೋಡಿದ್ರ ಗೊತ್ತಾಗ್ತೈತಿ ನನಗ."

"ಹೌದೇನು? ಹಂಗಾರ ಆ ಬೋರ್ಡ್ ಯಾಕ ಹಾಕೀಯೋ?"

"ಅದು ಪ್ಯಾಟಿ ಮಂದಿಗೆ ರೀ."

ಇಬ್ಬರೂ ನಕ್ಕರು. ಆ ನಗುವಿನಲ್ಲೇ ಟವೆಲ್ ಬಂದದ್ದು.

ದನದ ಸಂತೆಯಲ್ಲಿ ದರವನ್ನು ಬಾಯಲ್ಲಿ ಹೇಳುವುದಿಲ್ಲ. ಮಾರುವವನ ಕೈ, ಕೊಳ್ಳುವವನ ಕೈ, ಎರಡರ ಮೇಲೂ ಒಂದು ಟವೆಲ್. ಬೆರಳು ಹಿಡಿದು ಕೇಳಬೇಕು, ಬೆರಳು ಬಿಡಿಸಿಕೊಂಡು ಒಲ್ಲೆ ಎನ್ನಬೇಕು. ಸುತ್ತ ನಿಂತವರಿಗೆ ತಿಳಿಯುವುದಿಲ್ಲ. ಕೊನೆಗೆ ಅಂಗೈಗೆ ಅಂಗೈ ಒತ್ತಿದರೆ ಮುಗಿಯಿತು. ಒತ್ತಿದ ಮೇಲೆ ಹಿಂದೆ ಸರಿದವನಿಗೆ ಸಂತೆಯಲ್ಲಿ ಮತ್ತೆ ಯಾರೂ ಕೈ ಕೊಡುವುದಿಲ್ಲ. ಇನ್ನೊಂದು ಕಟ್ಟಳೆಯೂ ಇದೆ: ಐಬಿನ ಬಗ್ಗೆ ಕೇಳಿದರೆ ಮಾರುವವನು ಸುಳ್ಳು ಹೇಳುವಂತಿಲ್ಲ. ಕೇಳದೆ ಬಿಟ್ಟದ್ದು ಕೊಂಡವನ ಹಣೆಬರಹ.

ಟವೆಲಿನ ಕೆಳಗೆ ಏನೋ ಸಣ್ಣ ಪ್ರಾಣಿ ಹೊರಳಾಡುವಂತೆ ಬಟ್ಟೆ ಏಳುತ್ತ ಬೀಳುತ್ತ ಇತ್ತು. ಇಬ್ಬರ ಮುಖದಲ್ಲೂ ಏನೂ ಇರಲಿಲ್ಲ. ಹೆಂಡತಿ ನನ್ನ ತೋಳು ಜಗ್ಗಿದಳು.

"ಎಷ್ಟಕ್ಕ ನಡದೈತಿ?"

"ನನಗೂ ಗೊತ್ತಿಲ್ಲ."

"ಗಾಡಿ ಓಡ್ಸಾಕಿ ನಾನು. ಬಾಯಿ ಬಿಟ್ಟು ಹೇಳಾಕ ಏನಾಗೈತಿ ಇವ್ರಿಗೆ?"

"ಸುಮ್ನಿರು, ಕೆಡ್ತೈತಿ."

ಈ 'ಸುಮ್ನಿರು' ನಾನು ಹೇಳಿದ್ದು ಹೌದು. ಅದನ್ನು ಅಲ್ಲಗಳೆಯಲು ಹಲವು ಸಲ ನೋಡಿದ್ದೇನೆ, ಆಗಿಲ್ಲ.

ಮಾವ ಅಂಗೈ ಒತ್ತಿದ. ಟವೆಲ್ ಹೆಗಲಿಗೆ ಹೋಯಿತು. "ಎರಡು ತೊಂಬತ್ತು" ಎಂದು ನನ್ನ ಕಡೆ ತಿರುಗಿದ. ಐವತ್ತು ಸಾವಿರ ಇಳಿಸಿದ್ದ. ಬನಿಯನ್ ಜೇಬಿನಿಂದ ಐದು ಸಾವಿರ ತೆಗೆದು, ಮುಂಗಡದ ಸಂಚಕಾರ ಎಂದು ಕೊಟ್ಟೂಬಿಟ್ಟ.

ಅವಳು ಆಗಲೇ ಕಾರಿನೊಳಗೆ ಕೂತಿದ್ದಳು. ಸೀಟು ಮುಂದೆ ಎಳೆದುಕೊಂಡಳು, ಕನ್ನಡಿ ಸರಿ ಮಾಡಿಕೊಂಡಳು, ಬೆಲ್ಟ್ ಎಳೆದಳು. ಹಾಕಿಕೊಳ್ಳಲು ಬೇಕಾದಷ್ಟೇ ಎಳೆದು ನಿಲ್ಲಿಸಿದ್ದರೆ ಈ ಬರಹ ಇರುತ್ತಿರಲಿಲ್ಲ. ಅವಳು ಎಳೆಯುತ್ತಲೇ ಹೋದಳು, ಬೆಲ್ಟ್ ಮುಗಿಯುವ ತನಕ. ಯಾಕೆ ಎಂದು ಆಮೇಲೆ ಕೇಳಿದ್ದೇನೆ. "ಸಿಟ್ಟು ಬಂದಿತ್ತು, ಏನರ ಎಳೀಬೇಕಿತ್ತು" ಅನ್ನುತ್ತಾಳೆ.

ಬೆಲ್ಟಿನ ಕೊನೆಯ ಒಂದು ಗೇಣು ಬೇರೆ ಬಣ್ಣದಲ್ಲಿತ್ತು. ಕೆಂಪಲ್ಲ, ಬೂದಿ ಬಣ್ಣ. ಉಗುರಿನಿಂದ ಕೆರೆದಳು. ಅಂಗೈಯಲ್ಲಿ ಹಿಟ್ಟಿನಂತೆ ನುಣ್ಣನೆಯ ಪುಡಿ ಉದುರಿತು. ಬಾಟಲಿಯಿಂದ ನಾಲ್ಕು ಹನಿ ನೀರು ಹಾಕಿ ಕಲಸಿ, ಅಂಗೈ ವಾರೆ ಮಾಡಿ ಹಿಡಿದು ನೋಡಿದಳು. ಲ್ಯಾಬಿನಲ್ಲಿ ಗಾಜಿನ ಕೊಳವೆಯನ್ನು ಬೆಳಕಿಗೆ ಹಿಡಿಯುವ ರೀತಿ ಅದು. ಆಮೇಲೆ ಇಳಿದು ಬಂದು ಆ ಅಂಗೈಯನ್ನು ಮಾವನ ಮುಂದೆ ಚಾಚಿದಳು.

"ಮಾವಾರ, ಏನಿದು?"

ಮಾವನ ಗದ್ದೆ ಇರುವುದು ಕಂಪ್ಲಿಯ ಹೊಳೆದಂಡೆಯಲ್ಲಿ. ಡ್ಯಾಮಿನ ಗೇಟು ತೆಗೆದ ವರ್ಷಗಳಲ್ಲಿ ಹೊಳೆ ಗದ್ದೆಗೆ ನುಗ್ಗಿ, ಇಳಿದಾಗ ಮೇಲೊಂದು ಪದರ ಬಿಟ್ಟು ಹೋಗುತ್ತದೆ. ಆ ಮಣ್ಣನ್ನು ಅವನು ಕಣ್ಣು ಮುಚ್ಚಿ ಗುರುತಿಸಬಲ್ಲ. ಅವನು ಗುರುತಿಸಿದ್ದು ನನಗೆ ಕಂಡಿತು. ಅವನು ಬಾಯಿ ತೆರೆಯದೆ ಇದ್ದದ್ದೂ ಕಂಡಿತು.

"ಧೂಳ ರೀ ಅಕ್ಕಾರ" ಎಂದ ಮಾಲೀಕ. "ಧೂಳಿಲ್ದ ಊರು ಯಾವ್ದೈತಿ ನಮ್ಮ ಕಡಿ?"

"ನಾನು ಅವ್ರಿಗೆ ಕೇಳೀನಿ. ಮಾವಾರ, ನಾ ದಿನಾ ಇದರಾಗ ಘಾಟ್ ಇಳೀಬೇಕು. ಮುಂದೊಂದು ಅದಿರಿನ ಲಾರಿ, ಹಿಂದೊಂದು. ಹೇಳ್ರಿ."

ಮಾವ ಚಪ್ಪಲಿ ನೋಡಿದ. ಅವನು ಎಷ್ಟು ಹೊತ್ತು ಹಾಗೆ ನಿಂತಿದ್ದ? ನನ್ನ ನೆನಪಿನಲ್ಲಿ ಬೈಪಾಸಿನ ಮೇಲೆ ಒಂದಾದ ಮೇಲೊಂದು ಲಾರಿ ಹಾದು ಹೋದವು. ಅವಳ ನೆನಪಿನಲ್ಲಿ ಅವನು ತಕ್ಷಣ ಮಾತಾಡಿದ. ಅವಳಿಗೆ ಆ ಮೌನ ಸಣ್ಣದಾಗಿ ಕಂಡಿರಬಹುದು, ಯಾಕೆಂದರೆ ಉತ್ತರ ಅವಳ ಅಂಗೈಯಲ್ಲೇ ಇತ್ತು.

"ಹೊಳಿ ಮಣ್ಣು" ಎಂದ ಮಾವ. "ಗಾಡಿ ನೀರಾಗ ಮುಳುಗೈತಿ."

ಮಾಲೀಕನ ಮುಖ ಕೆಂಪಾಯಿತು. "ನೀವು ಕೇಳಿದ್ದು ಗಣಿ ಗಾಡಿ ಏನು ಅಂತ. ನಾ ಖರೇನ ಹೇಳೀನಿ. ಮುಳಿಗೈತೇನು ಅಂತ ಕೇಳಿದ್ರೇನು?"

"ಇಲ್ಲ. ಕೇಳ್ಲಿಲ್ಲ" ಎಂದ ಮಾವ.

"ಕೈ ಒತ್ತಿದ್ರೋ ಇಲ್ಲೋ?"

"ಒತ್ತೀನಿ."

ಮಾಲೀಕ ದನಿ ಇಳಿಸಿದ. "ನೋಡ್ರಿ, ವಾಯರಿಂಗ್ ಎಲ್ಲಾ ಹೊಸಾದು ಹಾಕಿಸೀನಿ. ನಿಮ್ಮ ಮರ್ಯಾದಿ ಸಲುವಾಗಿ ಇನ್ನೊಂದ್ ಐವತ್ತು ಇಳಸ್ತೀನಿ. ಎರಡು ನಲವತ್ತು. ಸೋಮವಾರ ಗಾಡಿ ಬೇಕಂದ್ರಲ್ಲ?"

ಇಲ್ಲಿ ನಾನು ಏನು ಮಾಡಿದೆ ಎಂಬುದು ಬಹಳ ದಿನ ನನ್ನ ನೆನಪಿನಲ್ಲಿ ಇರಲೇ ಇಲ್ಲ. ನನ್ನ ಆವೃತ್ತಿಯಲ್ಲಿ ನಾನು ಸುಮ್ಮನೆ ನಿಂತಿದ್ದೆ. ಅವಳು ಹೇಳುವುದು ಬೇರೆ: ನಾನು ಅವಳ ಕಿವಿಯ ಹತ್ತಿರ ಬಾಗಿ, "ತಗೊಳ್ಳೋಣ, ವಾಯರಿಂಗ್ ಹೊಸಾದೈತಂತ" ಎಂದೆನಂತೆ. ಅವಳು ಸುಳ್ಳು ಹೇಳುವವಳಲ್ಲ. ಅರವತ್ತು ಸಾವಿರ ಉಳಿಯುತ್ತಿತ್ತು. ಸೋಮವಾರದ ಚಿಂತೆ ಅಲ್ಲಿಗೇ ಮುಗಿಯುತ್ತಿತ್ತು. ನೀರು ಕುಡಿದ ಕಾರು ಯಾವ ತಿರುವಿನಲ್ಲಿ ಸತ್ತು ನಿಲ್ಲುತ್ತದೆ ಎಂದು ಯಾರೂ ಹೇಳಲಾರರು ಎಂಬುದು ನನಗೆ ತಿಳಿದೇ ಇತ್ತು.

"ಕೈ ನಂದು ತಪ್ಪೈತಿ" ಎಂದ ಮಾವ, ಜೋರಾಗಿ, ಸಂತೆಯಲ್ಲಿ ನಾಲ್ಕು ಮಂದಿಗೆ ಕೇಳಿಸಬೇಕು ಎನ್ನುವಂತೆ. ಕೇಳಲು ಇದ್ದವರು ನಾವು ಮೂವರೇ. "ನಾ ಹಿಂದ ಸರೀತೀನಿ. ಸಂಚಕಾರ ನಿಂದು."

ಹೇಳಿ, ಗಾಜಿನ ಕೋಣೆಯ ಮೆಟ್ಟಿಲ ಮೇಲೆ ಕೂತುಬಿಟ್ಟ.

ಇನ್ನೊಂದು ಕಾರು ಹುಡುಕಿದವಳು ಅವಳು. ಅಂಗಳದ ಹಿಂಬದಿಯಲ್ಲಿ ತೊಳೆಯದೆ ಬಿಟ್ಟಿದ್ದ ಒಂದು ಬೂದು ಬಣ್ಣದ ಗಾಡಿ. ಬಾಗಿಲ ಸಂದಿಯಲ್ಲಿ, ಸೀಟಿನ ಕೆಳಗೆ, ಗಾಜಿನ ರಬ್ಬರಿನಲ್ಲಿ ಕುಂಕುಮ ಚೆಲ್ಲಿದಂತೆ ಅದಿರು.

"ಅದು ಬ್ಯಾಡ್ರೀ ಅಕ್ಕಾರ, ಗಣಿ ಗಾಡಿ" ಎಂದ ಮಾಲೀಕನೇ.

"ಗೊತ್ತೈತಿ. ಮುಳಿಗೈತೇನು?"

"ಇಲ್ಲ."

"ಪಲ್ಟಿ ಆಗೈತೇನು? ಬಡಿದೈತೇನು? ಎಂಜಿನ್ ಬಿಚ್ಚೀರೇನು?"

"ಇಲ್ರೀ ಯವ್ವಾ. ಕ್ಲಚ್ ಹೋಗಾಕ ಬಂದೈತಿ, ಮುಂದಿನ ಟೈರ್ ಸವದಾವು. ಮತ್ತೇನಿಲ್ಲ."

"ಚಾವಿ ಕೊಡ್ರಿ. ಕುಂದ್ರಿ ಬಾಜುಕ್ಕ."

ಸಂಡೂರು ರಸ್ತೆಗೆ ತಿರುಗಿದಳು. ನಾನು ಹಿಂದೆ. ಬೆಲ್ಟ್ ಕೊನೆತನಕ ಎಳೆದು ನೋಡಿದೆ. ಕೆಂಪು, ಬರೀ ಕೆಂಪು. ಏರು ಶುರುವಾದಾಗ ಎಂಜಿನ್ ಗೊಣಗಿತು, ಆದರೆ ಎಳೆಯಿತು. ಎದುರಿಗೆ ಟಾರ್ಪಾಲ್ ಹೊದ್ದ ಲಾರಿಗಳು ಇಳಿಯುತ್ತಿದ್ದವು.

"ಎಷ್ಟು?" ಎಂದಳು, ರಸ್ತೆಯಿಂದ ಕಣ್ಣು ತೆಗೆಯದೆ.

"ಎರಡು ಎಪ್ಪತ್ತು."

"ಎರಡು ಹತ್ತು."

"ಅಕ್ಕಾರ, ಲಾರಿ! ಲಾರಿ ನೋಡ್ರಿ!"

"ನೋಡ್ಲಿಕ್ಹತ್ತೀನಿ. ಕ್ಲಚ್ಚಿಗೆ ಎಷ್ಟು ಬರ್ತೈತಿ? ಟೈರಿಗೆ?"

"ಎರಡೂ ಸೇರಿ ಮೂವತ್ತು ಆಗ್ತೈತಿ. ಎರಡು ಐವತ್ತು ಕೊಡ್ರಿ, ಎಡಕ್ಕ ತಗೋರಿ ಎಡಕ್ಕ!"

"ಮೂವತ್ತು ಅಂದ್ರ ಎರಡು ನಲವತ್ತು ಆತಲ್ಲ. ಬ್ರೇಕ್ ಎಡಕ್ಕ ಎಳೀತೈತಿ, ಅದಕ್ಕ ಹತ್ತು. ಎರಡು ಮೂವತ್ತು."

ಪ್ರತಿ ತಿರುವಿಗೂ ದರ ಇಳಿಯುತ್ತಿತ್ತು ಎಂದು ನಾನು ಬಂಧುಗಳಿಗೆ ಹೇಳುತ್ತೇನೆ. ಹಾಗೇನೂ ಇರಲಿಲ್ಲ, ಅರ್ಧಕ್ಕರ್ಧ ಮಾತು ಗಾಡಿ ಬದಿಗೆ ನಿಲ್ಲಿಸಿದ ಮೇಲೇ ಆಡಿದ್ದು ಎನ್ನುತ್ತಾಳೆ ಅವಳು. ಇರಬಹುದು. ಮಾಲೀಕ ಡ್ಯಾಶ್‌ಬೋರ್ಡಿನ ಅಂಚು ಹಿಡಿದಿದ್ದು ಮಾತ್ರ ಇಬ್ಬರಿಗೂ ನೆನಪಿದೆ. ಎರಡು ಮೂವತ್ತಕ್ಕೆ ಅವನು ಹೂಂ ಎಂದ. ಅದು ನ್ಯಾಯವಾದ ದರವೋ ಅಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಅದರಲ್ಲಿ ಯಾವುದು ಯಾತಕ್ಕೆ ಎಂದು ಮೂವರಿಗೂ ಗೊತ್ತಿತ್ತು, ಅಷ್ಟೆ.

ವಾಪಸು ಬಂದು ಕಾಗದ ಬರೆಯುವಾಗ, ಕ್ಲಚ್ಚು, ಟೈರು, ಬ್ರೇಕಿನ ಲೆಕ್ಕವನ್ನು ಮಾವನಿಗೂ ಹೇಳಿ, ಅವನ ಐದು ಸಾವಿರವನ್ನು ಈ ದರದಲ್ಲೇ ಹಿಡಿಯಿರಿ ಎಂದು ಅವಳು ಕೇಳಿದಳು. ಮಾಲೀಕ ಒಪ್ಪಿಕೊಂಡು ಬರೆಯಲೂ ಹೊರಟ. ಮಾವ ಮೆಟ್ಟಿಲಿನಿಂದ ಎದ್ದು ಬಂದು ಅವನ ಪೆನ್ನಿನ ಮೇಲೆ ಕೈ ಇಟ್ಟ.

"ಬ್ಯಾಡ ಯವ್ವಾ. ಅದು ನನ್ನ ತಪ್ಪಿನ ರೊಕ್ಕ. ಅದನ್ನ ಇದರಾಗ ಕೂಡಿಸಬ್ಯಾಡ."

ಆಮೇಲೆ ಮೆಟ್ರಿಗೆ ಬಿಡುತ್ತೇವೆ ಎಂದರೂ ಕಾರು ಹತ್ತಲಿಲ್ಲ. ಬಸ್ಸಿಗೆ ಹೋದ.

ಭಾನುವಾರ ಕ್ಲಚ್ಚು, ಟೈರು, ಬ್ರೇಕು ಮಾಡಿಸಿದೆವು. ಸೋಮವಾರ ಅವಳು ಕತ್ತಲಿರುವಾಗಲೇ ಹೊರಟಳು. ನಾನು ಗಿರಣಿಯಲ್ಲಿ ಫೋನನ್ನು ಅಂಗೈಯಲ್ಲೇ ಹಿಡಿದುಕೊಂಡು ಮೂಟೆಗಳ ನಡುವೆ ಓಡಾಡಿದೆ. ಏಳೂವರೆ ದಾಟಿತು. ಏಳು ಮುಕ್ಕಾಲಾಯಿತು. ಎಂಟಕ್ಕೆ ಹತ್ತು ನಿಮಿಷ ಇರುವಾಗ ಫೋನ್ ಬಡಿದುಕೊಂಡಿತು.

"ಮುಟ್ಟೀನಿ" ಎಂದಳು. "ಇನ್ನೂ ಬೀಗ ತೆಗದಿಲ್ಲ ಇವ್ರು. ಹೊರಗ ನಿಂತೀನಿ."

"ಘಾಟ್ ಹೆಂಗಿತ್ತು?"

"ಒಂದು ಲಾರಿ ಹಿಂದ ಹತ್ತಿದೆ, ಅದರ ಹಿಂದನ ಇಳದೆ. ಮಾವಾರಿಗೆ ಫೋನ್ ಹಚ್ಚು. ಮುಟ್ಟಿದಳು ಅಂತ ಹೇಳು."

ಹಚ್ಚಿದೆ. ಮಾವ ಎತ್ತಿದ. ಮುಟ್ಟಿದಳು ಎಂದೆ. ಆ ಕಡೆ ಗದ್ದೆಯಲ್ಲಿ ನೀರು ಹಾಯುವ ಸದ್ದು ಕೇಳುತ್ತಿತ್ತು.

"ಬ್ರೇಕು? ಎಡಕ್ಕ ಎಳೀತೇನು?" ಎಂದು ಕೇಳಿದ, ಶನಿವಾರ ಕೇಳದೆ ಬಿಟ್ಟವನು.