ಕೇಳದೆ ಹೋದ ಕ್ಷಮೆ

ಬೈಂಡಿಂಗ್ ಕೆಲಸ ಹೋಗಿ ಹನ್ನೊಂದು ವರ್ಷವಾದರೂ ಜನರ ಬಾಯಲ್ಲಿ ಅವಳು ಬೈಂಡರಮ್ಮನೇ. ಮುದ್ರಣಾಲಯದಲ್ಲಿ ಅವಳು ಕಾಗದದ ಕಟ್ಟನ್ನು ಸರಿಪಡಿಸುತ್ತಿದ್ದಾಗ ಕಟಿಂಗ್ ಮಷೀನಿನವನು ಹಿಂದೆಮುಂದೆ ನೋಡದೆ ಅಲಗು ಇಳಿಸಿದ್ದ. ಬಲಗೈಯ ಮೂರು ಬೆರಳು ಹೋದವು. ಅದಕ್ಕಿಂತ ಆಳಕ್ಕೆ ಕೊಯ್ದದ್ದು ಅವನು ಯಜಮಾನರ ಮುಂದೆ ಆಡಿದ ಸುಳ್ಳು: ಕೈ ತೆಗಿ ಎಂದು ಕೂಗಿ ಹೇಳಿದೆ, ಅವಳೇ ಕೇಳಲಿಲ್ಲ. ಯಜಮಾನರು ಅದನ್ನೇ ನಂಬಿ ಅವಳನ್ನು ಮನೆಗೆ ಕಳಿಸಿದರು.

ಅಂದಿನಿಂದ ಚರ್ಚಿನಲ್ಲಿ ತಪ್ಪು ಮಾಡಿದವರನ್ನು ಕ್ಷಮಿಸುವ ಪ್ರಾರ್ಥನೆ ಬಂದರೆ ಅವಳ ಬಾಯಿಗೆ ಬೀಗ ಬೀಳುತ್ತಿತ್ತು. ದೇವರೆದುರು ಸುಳ್ಳಾಡುವುದು ಹೇಗೆ? ಅವನೇ ಬಂದು ತಪ್ಪಾಯಿತು ಅನ್ನಲಿ, ಆಮೇಲೆ ನೋಡೋಣ ಎಂದು ಪಾದ್ರಿಗಳಿಗೆ ಹೇಳಿಬಿಟ್ಟಿದ್ದಳು. ಶಿಲುಬೆಗೆ ಏರಿಸಿದವರು ಯಾರೂ ಯೇಸುವನ್ನು ಕ್ಷಮೆ ಕೇಳಿರಲಿಲ್ಲ, ಆದರೂ ಆತ ಅವರನ್ನು ಕ್ಷಮಿಸಲಿಲ್ಲವೇ ಎಂದರು ಅವರು.

"ಅವನು ದೇವರ ಮಗ, ಫಾದರ್. ನಾನು ಬೈಂಡರು."

ಕೊನೆಗೆ ಬಂದದ್ದು ಮಷೀನಿನವನ ಹೆಂಡತಿ. ಗಂಡನಿಗೆ ಲಕ್ವ ಹೊಡೆದಿದೆ, ಯಾರ ಗುರುತೂ ಇಲ್ಲ, ಉಳಿದಿರುವುದು ಒಂದೇ ಮಾತು ಎಂದಳು. "ಬೆಳಗಿಂದ ಸಂಜೆವರೆಗೂ ಕೈ ತೆಗಿ, ಕೈ ತೆಗಿ ಅಂತಾರೆ ಅಕ್ಕಾ. ಏನದು? ಪ್ರೆಸ್ಸಿನ ಮಾತೇನೋ, ನಿಮಗೆ ಗೊತ್ತಿರಬಹುದು ಅಂತ ಬಂದೆ."

ಬೈಂಡರಮ್ಮ ಅವಳ ಜೊತೆಯಲ್ಲೇ ಹೊರಟಳು. ಹೋಗಿ ನೋಡಿದಳು. ಅವನು ಗೋಡೆಗೂ ಅದನ್ನೇ ಹೇಳುತ್ತಿದ್ದ, ಗಂಜಿಯ ಚಮಚಕ್ಕೂ ಅದನ್ನೇ, ಅವಳಿಗೂ ಅದನ್ನೇ. ಹನ್ನೊಂದು ವರ್ಷ ಮಸೆದಿಟ್ಟ ಮಾತುಗಳನ್ನು ಈಗ ಯಾರ ಮೇಲೆ ಎಸೆಯುವುದು? ಅವನ ಹೆಂಡತಿ ಉತ್ತರಕ್ಕೆ ಕಾಯುತ್ತಿದ್ದಳು.

"ಅವತ್ತು ಹೇಳ್ಬೇಕಾಗಿದ್ದ ಮಾತು ಅದು," ಎಂದಳು ಬೈಂಡರಮ್ಮ ಮೆಲ್ಲಗೆ. "ಬಾಯಿಗೆ ಬರ್ಲಿಲ್ಲ ಅಷ್ಟೆ."

ಗಂಡ ಅಂದು ಕೂಗಿರಲೇ ಇಲ್ಲವೆಂದು ಅರ್ಥವಾಗಿ ಹೆಂಡತಿ ತಲೆ ತಗ್ಗಿಸಿದಳು.

ಆಮೇಲೆ ಬುಧವಾರ ಬುಧವಾರ ಬೈಂಡರಮ್ಮ ಅಲ್ಲಿಗೆ ಹೋಗಿ, ಎಡಗೈಯಲ್ಲಿ ಗಂಜಿ ಕುಡಿಸಿ ಬರತೊಡಗಿದಳು. ಕರುಣೆ ಉಕ್ಕಿ ಬಂದಿತು ಎಂದುಕೊಳ್ಳಬೇಡಿ. ಒಂದು ವಾರ ಮರುಕ, ಮರುವಾರ ಅದೇ ಕಹಿ ಗಂಟಲಿಗೆ ಬರುತ್ತಿತ್ತು. ಒಮ್ಮೆಯಂತೂ ಚಮಚ ಕೆಳಗಿಟ್ಟು ಹಿತ್ತಲಿಗೆ ಹೋಗಿ, ಯೇಸಪ್ಪಾ, ನನ್ನ ಕೈಲಿ ಆಗೋದಿಲ್ಲ, ನೀನೇ ಮಾಡಿಸು ಎಂದು ಅತ್ತಳು. ಅತ್ತು ಬಂದು ಮತ್ತೆ ಚಮಚ ಹಿಡಿದಳು.

ನಾಲ್ಕನೇ ತಿಂಗಳು ಅವನು ತೀರಿಕೊಂಡ, ಅವಳು ಯಾರೆಂದು ಕೊನೆಗೂ ತಿಳಿಯದೆ. ಮಣ್ಣು ಹಾಕುವಾಗ ಅವಳಿಗೆ ಬಂದ ಅಳು ಹೋದ ಬೆರಳುಗಳಿಗೋ, ಅವನಿಗೋ ಎಂದು ಅವಳಿಗೇ ಗೊತ್ತಾಗಲಿಲ್ಲ. ಪೂರ್ತಿ ಕ್ಷಮಿಸಿದ್ದೇನೆ ಎಂದು ಎದೆ ತಟ್ಟಿ ಹೇಳುವ ಧೈರ್ಯ ಅವಳಿಗೆ ಈಗಲೂ ಇಲ್ಲ. ಬೆಳಗ್ಗೆ ಎದ್ದ ಕೂಡಲೇ ಇವತ್ತೊಂದು ದಿನ ಆ ಕಹಿಯನ್ನು ಬಿಟ್ಟುಬಿಡುವ ಶಕ್ತಿ ಕೊಡು ಎಂದು ಬೇಡುತ್ತಾಳೆ. ಹೆಚ್ಚಿನ ದಿನಗಳಲ್ಲಿ ಸಿಗುತ್ತದೆ.