ತುದಿ ಬಿಡದೆ ಕತ್ತರಿಸಿದ ಹಾಸು

ಬಿ.ಎಸ್ಸಿ. ಎರಡನೆಯ ವರ್ಷದ ಒಂದು ರವಿವಾರ ಬೆಳಿಗ್ಗೆ, ಬನಹಟ್ಟಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ನನ್ನ ಹವ್ಯಾಸಕ್ಕೆ ನಾನು ವಿಧ್ಯುಕ್ತವಾಗಿ ಬೀಳ್ಕೊಡುಗೆ ಸಮಾರಂಭ ಏರ್ಪಡಿಸಿದೆ. ಅಧ್ಯಕ್ಷತೆ ನನ್ನದೇ. ಸಭಿಕರ ಪೈಕಿ ಒಂದು ಬೆಕ್ಕು ಇತ್ತು. ಅದೂ ನಡುವೆ ಎದ್ದು ಹೋಯಿತು. ಕುಣಿಮಗ್ಗದ ಮೇಲೆ ಉದ್ದಕ್ಕೆ ಬಿಗಿದಿದ್ದ ಎಳೆಗಳ ಹಾಸನ್ನು ಈ ಅಂಚಿನಿಂದ ಆ ಅಂಚಿನವರೆಗೆ ಕತ್ತರಿಸಿ ಹಾಕಿದೆ.

ಆ ಮಗ್ಗ ಆಯಿಯದು, ಅಂದರೆ ಅಪ್ಪನ ತಾಯಿಯದು. ಮುಂದಿನ ಪಡಸಾಲೆಯಲ್ಲಿ ಅಪ್ಪನ ಪಾವರ್‌ಲೂಮುಗಳು ಖಡಖಡ ಎನ್ನುತ್ತ ಸಂಸಾರ ನಡೆಸುತ್ತಿದ್ದವು. ಹಿಂದಿನ ಕುಣಿಮಗ್ಗಕ್ಕೆ ಅಂಥ ಜವಾಬ್ದಾರಿ ಇರಲಿಲ್ಲ. ನಾನು ಸಾಲೆಯಲ್ಲಿದ್ದಾಗಲೇ ಆಯಿ ನೇಯುವುದನ್ನು ಕಲಿಸಿದ್ದಳು. ಸಂಜೆ ಒಂದು ತಾಸು ಕುಣಿಯಲ್ಲಿ ಕಾಲು ಇಳಿಬಿಟ್ಟು ಲಾಳಿ ಓಡಿಸಿದರೆ ತಲೆಯೊಳಗಿನ ಗದ್ದಲ ನಿಲ್ಲುತ್ತಿತ್ತು. ನೇಕಾರರ ಮಗಳು ಹವ್ಯಾಸಕ್ಕೆಂದು ನೇಯುವುದನ್ನು ಕಂಡು ಅಪ್ಪನಿಗೆ ನಗು. "ಕಂಡಕ್ಟರ್ ಸೂಟಿ ದಿನಾ ಬಸ್ ಹತ್ತಿ ಅಡ್ಡಾಡಿದಂಗ ಆತು" ಅನ್ನುತ್ತಿದ್ದ.

ಆ ವರ್ಷ ಗಣಿತದಲ್ಲಿ ಫೇಲಾದೆ. ಜಮಖಂಡಿಯ ಕಾಲೇಜಿನಲ್ಲಿ ಗಣಿತದ ಸರ್ ಕರೆದು, "ಹವ್ಯಾಸ ಗಿವ್ಯಾಸ ಸ್ವಲ್ಪ ದಿನಾ ಬಾಜೂಕ ಇಡ್ರಿ" ಅಂದರು. ಸ್ವಲ್ಪ ದಿನದ ಕೆಲಸ ನನಗೆ ಎಂದೂ ಒಗ್ಗಿದ್ದಲ್ಲ. ಗೋಡೆಗೆ ವೇಳಾಪಟ್ಟಿ ಅಂಟಿಸಿದೆ. ಅದರಲ್ಲಿ "ಮನಸ್ಸಿಗೆ ವಿಶ್ರಾಂತಿ: ಹತ್ತು ನಿಮಿಷ" ಎಂಬ ಉದಾರವಾದ ಕಲಮೂ ಇತ್ತು. ಆಮೇಲೆ ಕತ್ತರಿ ಹುಡುಕಿದೆ.

ಮಗ್ಗದ ಮನೆಯಲ್ಲಿ ಹುಟ್ಟಿದವರು ಯಾರೂ ಹಾಸನ್ನು ಪೂರ್ತಿ ಕತ್ತರಿಸುವುದಿಲ್ಲ. ನೇಯ್ದ ಬಟ್ಟೆ ಇಳಿಸುವಾಗ ಹಳೆಯ ಎಳೆಗಳನ್ನು ಗೇಣುದ್ದ ಮಗ್ಗದಲ್ಲೇ ಬಿಡುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಆ ತುದಿಗಳಿಗೆ ಹೊಸೆದು ಕೆಚ್ಚಿದರೆ ಮಗ್ಗ ಮತ್ತೆ ನಡೆಯುತ್ತದೆ. ತುದಿ ಹೋಯಿತೋ, ಎರಡು ಸಾವಿರಕ್ಕೂ ಮೇಲ್ಪಟ್ಟ ಎಳೆಗಳನ್ನು ಒಂದೊಂದಾಗಿ ದಾರದ ಕುಣಿಕೆಗಳಾದ ಕಣ್ಣಿಗಳಲ್ಲಿ, ಆಮೇಲೆ ಬಾಚಣಿಗೆಯಂಥ ಹಣಿಗೆಯಲ್ಲಿ ಹೊಸದಾಗಿ ಪೋಣಿಸಬೇಕು. ಇದು ನನಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ತುದಿಗಳನ್ನೂ ಎಳೆದು ತೆಗೆದೆ. ಮರಳಿ ಬರುವ ದಾರಿ ಇದ್ದರೆ ಬಂದುಬಿಡುತ್ತೇನೆಂಬ ಭಯ.

ಆಯಿ ಬಂದು ಖಾಲಿ ಹಣಿಗೆಯ ಮೇಲೆ ಕೈಯಾಡಿಸಿದಳು.

"ತುದಿ ಬಿಟ್ಟಿಲ್ಲೇನ ಯವ್ವಾ?"

"ಇಲ್ಲ ಬೇ. ಅಭ್ಯಾಸಾ ಮಾಡಬೇಕು."

"ಅಭ್ಯಾಸಾ ಮಾಡಾಕ ಮಗ್ಗದ ಕುತಿಗಿ ಯಾಕ ಕೊಯ್ದಿ?"

ನನ್ನಲ್ಲಿ ಉತ್ತರವಿತ್ತು, ಗೋಡೆಯ ಮೇಲೆ ಅಂಟಿಸಿದ್ದೆ. ಅವಳಿಗೆ ಓದಲು ಬರುತ್ತಿರಲಿಲ್ಲ.

ಉಳಿತಾಯವಾದ ಆ ಒಂದು ತಾಸು ಗಣಿತಕ್ಕೆ ಹೋಗಲಿಲ್ಲ. ಪುಸ್ತಕದ ಒಂದೇ ಪುಟವನ್ನು ನೋಡುತ್ತ ಕೂತಿರುತ್ತಿದ್ದೆ. ಊಟ ರುಚಿಸಲಿಲ್ಲ, ನಿದ್ದೆ ಹತ್ತಲಿಲ್ಲ. ಒಂದು ದಿನ ಕಾಲೇಜಿಗೆ ಹೊರಟವಳು ಜಮಖಂಡಿಯಲ್ಲಿ ಇಳಿಯಲೇ ಇಲ್ಲ. ಸ್ಟ್ಯಾಂಡು ಬಂತು, ಜನ ಇಳಿದರು, ನಾನು ನೋಡಿದೆ. ಬಸ್ಸು ಮುಂದೆ ಹೊರಟಿತು.

"ಜಮಖಂಡಿ ಹಿಂದ ಹೋತಲ್ಲವಾ," ಕಂಡಕ್ಟರ್ ಅಂದ. "ನಿದ್ದಿ ಹತ್ತಿತ್ತೇನು?"

"ಇಲ್ರಿ."

"ಮತ್ತ?"

"ಸಾವಳಗಿಗೆ ಒಂದು ಟಿಕೆಟ್ ಕೊಡ್ರಿ."

ಸಾವಳಗಿಯಲ್ಲಿ ನನಗೆ ಯಾರೂ ಇರಲಿಲ್ಲ. ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತು ಟ್ರ್ಯಾಕ್ಟರುಗಳನ್ನು ನೋಡಿದೆ. ಅತ್ತಿದ್ದರೆ ಹೇಳಿಕೊಳ್ಳಲು ಏನಾದರೂ ಇರುತ್ತಿತ್ತು, ಅಳುವೂ ಬರಲಿಲ್ಲ. ಮುಂದಿನ ಫಲಿತಾಂಶದಲ್ಲಿ ಗಣಿತದ ಜೊತೆ ಭೌತಶಾಸ್ತ್ರವೂ ಹೋಯಿತು. ಎಲ್ಲ ವಿಷಯಗಳನ್ನೂ ಸಮನಾಗಿ ಕಾಣಬೇಕೆಂದು ಹಿರಿಯರು ಹೇಳಿದ್ದರು, ಆ ದಿಕ್ಕಿನಲ್ಲಿ ಪ್ರಗತಿ ಆರಂಭವಾಗಿತ್ತು.

ಕಾಲೇಜಿನಲ್ಲಿ ಆಪ್ತಸಲಹೆಗೆಂದು ಒಂದು ಕೋಣೆಯಿತ್ತು, ವಾಲಿಬಾಲ್ ನೆಟ್ಟಿನ ಗಂಟಿನ ಪಕ್ಕ ಎರಡು ಕುರ್ಚಿ. ಅಲ್ಲಿ ಕೂರುತ್ತಿದ್ದ ಮೇಡಂ ಒಳ್ಳೆಯವರು.

"ಮನಸ್ಸಿಗೆ ಹಗುರ ಆಗುವಂಥಾದ್ದು ಏನರ ಮಾಡ್ತೀಯೇನವಾ?"

"ನೇಯ್ತಿದ್ದೆರಿ."

"ಛಲೋ ಆತಲ್ಲ. ಮತ್ತ ಶುರು ಮಾಡು."

ತುದಿಯ ವಿಷಯ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. "ಮನ್ಯಾಗ ಪೋಣಿಸೋರು ಯಾರರ ಅದಾರೇನು?" ಅಂದರು.

ಇದ್ದದ್ದು ಆಯಿ ಒಬ್ಬಳೇ. ಪಾವರ್‌ಲೂಮಿಗೆ ಕೈ ಒಗ್ಗಿದ ಅಪ್ಪನಿಗೆ ಕುಣಿಮಗ್ಗದ ಹದ ಮರೆತುಹೋಗಿತ್ತು. ಹೊಸ ಹಾಸನ್ನು ಮಾತ್ರ ಅವನೇ ಸುಮ್ಮನೆ ತಂದು ಏರಿಸಿಕೊಟ್ಟ, ನಗಲಿಲ್ಲ. ಮುಂದಿನ ರವಿವಾರ ಆಯಿ ಹಾಸಿನ ಕಡೆ, ನಾನು ಹಣಿಗೆಯ ಕಡೆ ಕೂತೆವು. ಅವಳು ಬೆರಳಿನಿಂದಲೇ ತಡವಿ ಎಳೆ ಬಿಡಿಸಿ ಕೊಡುವಳು, ನಾನು ಕಣ್ಣಿಯಲ್ಲಿ ತೂರಿಸಿ ಹಣಿಗೆಗೆ ಎಳೆದುಕೊಳ್ಳಬೇಕು. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಬೆರಳಗಲ ಆಗಿತ್ತು. ಆಗ ನೋಡಿದರೆ ಮೊದಲಿನಲ್ಲೇ ಒಂದು ಕಣ್ಣಿ ತಪ್ಪಿದೆ. ಅಲ್ಲಿಂದ ಈಚೆಗಿನ ಎಲ್ಲವನ್ನೂ ಬಿಚ್ಚಬೇಕು. ತಪ್ಪಿದ್ದು ನನ್ನ ಕಡೆಯಲ್ಲಿ.

ಆಯಿ ಬಿಚ್ಚಿದಳು. ಮತ್ತೆ ಮೊದಲ ಎಳೆ ಹಿಡಿದಳು. ಪೊರೆ ಬಂದ ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ನನಗ ಕಾಣವಲ್ಲದು ಯವ್ವಾ. ನಿನಗ ಕಾಣತೈತಿಲ್ಲೋ?"

"ಕಾಣತೈತಿ ಬೇ."

ಕಾಣುತ್ತಿತ್ತು. ಕಣ್ಣಿ, ಎಳೆ, ಅದನ್ನು ಹಿಡಿದ ಅವಳ ಬೆರಳು, ಎಲ್ಲ ಸ್ಪಷ್ಟವಾಗಿ. ನನ್ನ ಕೈ ಮಾತ್ರ ಮಡಿಲಲ್ಲಿ ಬಿದ್ದಿತ್ತು. ಎತ್ತಬೇಕೆಂದು ಕೂತೇ ಇದ್ದೆ. ಆಯಿ ಎಳೆ ಚಾಚಿಕೊಂಡು, ನಾನು ತೆಗೆದುಕೊಳ್ಳುವೆನೆಂದು ಕಾಯುತ್ತಲೇ ಇದ್ದಳು.