ನನ್ನ ಗೊರಕೆ ಕೇಳಿದವರು

ಹಳೇಬೀಡಿನಲ್ಲಿ ಇಳಿಯಬೇಕಾದವಳಿಗೆ ಬೇಲೂರಿನಲ್ಲಿ ಎಚ್ಚರವಾಯಿತು. ಅರಸೀಕೆರೆಯಲ್ಲಿ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತದ್ದು, ಬಾಣಾವರ ದಾಟಿದ್ದು ನೆನಪಿತ್ತು. ಆಮೇಲೆ ಕಂಡದ್ದು, ಎದುರಿನ ಕಂಬಿಗೆ ಟಕಟಕ ಬಡಿಯುತ್ತಿದ್ದ ಕಂಡಕ್ಟರ್.

"ಮೇಡಂ, ಬೇಲೂರು ಬಂತು. ಹಳೇಬೀಡಲ್ಲಿ ಎರಡು ಸಲ ಕೂಗ್ದೆ. ನೀವು ಏಳ್ಲೇ ಇಲ್ಲ."

ಹಿಂದಿನ ಸೀಟಿನ ಕಾಲೇಜು ಹುಡುಗಿಯರಿಬ್ಬರು ಬಾಯಿಗೆ ದುಪಟ್ಟಾ ಹಿಡಿದು ನಗುತ್ತಿದ್ದರು. ಗೊರಕೆ ಹೊಡೆದಿರಬೇಕು ಎಂದು ಹೊಳೆದದ್ದು ಬಸ್ಸಿನಿಂದ ಇಳಿದ ಮೇಲೆ. ನಿಲ್ದಾಣದ ನಡುವೆ ನಿಂತಿದ್ದ ನನ್ನ ಕಿವಿ ಬಿಸಿಯಾಯಿತು. ಆ ದಿನ ಶಾಲೆ ಸೇರುವಷ್ಟರಲ್ಲಿ ಎರಡನೆಯ ಪಿರಿಯಡ್ ಮುಗಿದಿತ್ತು.

ನನಗೆ ಐವತ್ತು ದಾಟಿತ್ತು. ಹಳೇಬೀಡಿನ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಮದುವೆಯಾಗಿರಲಿಲ್ಲ. ಅರಸೀಕೆರೆಯ ಹಳೆಯ ಮನೆಯೊಂದರ ಮಾಳಿಗೆಯಲ್ಲಿ ನಾಲ್ಕು ವರ್ಷದಿಂದ ಬಾಡಿಗೆಗಿದ್ದೆ. ಕೆಳಗೆ ಮನೆಯ ಒಡತಿ, ಎಪ್ಪತ್ತರ ಆಸುಪಾಸಿನವರು. ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ಗಂಡ ತೀರಿಕೊಂಡಿದ್ದರು. ಮಗಳನ್ನು ಗಂಡಸಿ ಎಂಬ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ನಮ್ಮಿಬ್ಬರ ಮಾತೆಲ್ಲ ನಲ್ಲಿಯಲ್ಲಿ ನೀರು ಬಂತೇ, ಗೇಟಿಗೆ ಚಿಲಕ ಹಾಕಿದಿರಾ ಎನ್ನುವಷ್ಟರಲ್ಲೇ ಮುಗಿಯುತ್ತಿತ್ತು.

ನಿದ್ದೆ ಸಾಲದು ಎಂದು ಯಾರೂ ನನಗೆ ಹೇಳುವಂತಿರಲಿಲ್ಲ. ಒಂಬತ್ತಕ್ಕೆ ಮಲಗಿದರೆ ಏಳುತ್ತಿದ್ದದ್ದು ಬೆಳಗಿನ ಆರಕ್ಕೆ. ಆದರೂ ಏಳುವಾಗ ತಲೆ ಕಲ್ಲಿನ ಹಾಗೆ ಭಾರ, ಬಾಯಿ ಒಣಗಿ ನಾಲಿಗೆ ಅಂಟುತ್ತಿತ್ತು. ಬಿ.ಪಿ. ಮಾತ್ರೆ ಒಂದಿದ್ದದ್ದು ಎರಡಾಯಿತು. ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತ ಅರ್ಧಕ್ಕೆ ನಿಂತು, ಮುಂದೇನು ಎಂದು ತೋಚದೆ ಸೀಮೆಸುಣ್ಣ ಹಿಡಿದು ನೋಡುತ್ತಿದ್ದೆ.

"ಒಬ್ರೇ ಇರ್ತೀರಲ್ಲ, ಯೋಚನೆ ಜಾಸ್ತಿ. ಅದಕ್ಕೇ ಹಿಂಗೆ," ಎಂದರು ಜೊತೆಯ ಶಿಕ್ಷಕಿ. ನಾನೂ ಅದನ್ನೇ ನಂಬಿದೆ. ಗಸಗಸೆ ಅರೆದು ಹಾಲಿಗೆ ಹಾಕಿ ಕುಡಿದೆ. ಮರುದಿನ ಇನ್ನಷ್ಟು ಮಂಪರು.

ಅರ್ಧವಾರ್ಷಿಕ ಪರೀಕ್ಷೆಯ ದಿನ ಕೊಠಡಿಯ ಕುರ್ಚಿಯಲ್ಲೇ ನಿದ್ದೆ ಹೋದೆ. ಕಣ್ಣು ಬಿಟ್ಟರೆ ಮುಖ್ಯೋಪಾಧ್ಯಾಯರು ಎದುರಿಗೆ ನಿಂತಿದ್ದರು. ಮಕ್ಕಳೆಲ್ಲ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದರು. "ಹುಷಾರಿಲ್ದಿದ್ರೆ ರಜಾ ಹಾಕಿ ಮೇಡಂ," ಎಂದು ಅವರು ಮೆಲ್ಲಗೆ ಹೇಳಿದರು. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಆ ಶನಿವಾರವೇ ಹಾಸನಕ್ಕೆ ಹೋಗಿ ಡಾಕ್ಟರನ್ನು ಕಂಡೆ. ಎಲ್ಲ ಕೇಳಿಕೊಂಡು ಅವರು, "ಗೊರಕೆ ಹೊಡೀತೀರಾ?" ಎಂದರು.

"ಹೊಡೀತೀನಿ ಅನ್ಸುತ್ತೆ. ಸರಿಯಾಗಿ ಗೊತ್ತಿಲ್ಲ."

"ಮಧ್ಯೆ ಉಸಿರು ನಿಂತು ನಿಂತು ಬರುತ್ತಾ? ಅದು ನಿಮಗೆ ಗೊತ್ತಾಗಲ್ಲ, ಪಕ್ಕದಲ್ಲಿ ಮಲಗೋರಿಗೆ ಗೊತ್ತಿರುತ್ತೆ. ಮುಂದಿನ ವಾರ ಅವರನ್ನೂ ಕರ್ಕೊಂಡು ಬನ್ನಿ."

"ಆಯ್ತು ಡಾಕ್ಟ್ರೇ," ಎಂದೆ. ಅಂಥವರು ಯಾರೂ ಇಲ್ಲ ಎನ್ನಲು ಬಾಯಿ ಬರಲಿಲ್ಲ. ರೈಲಿನಲ್ಲಿ ಹಿಂದಿರುಗುವಾಗ ಲೆಕ್ಕ ಹಾಕಿದೆ. ನನ್ನ ಪಕ್ಕದಲ್ಲಿ ಕೊನೆಗೆ ಮಲಗಿದ್ದವಳು ನನ್ನ ತಂಗಿ, ಅವಳ ಮದುವೆಯ ಹಿಂದಿನ ರಾತ್ರಿ. ಅದಾಗಿ ಇಪ್ಪತ್ತಾರು ವರ್ಷ.

ಮನೆಗೆ ಬಂದಾಗ ಒಡತಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. "ಎಲ್ಲಿಗೆ ಹೋಗಿದ್ರಿ, ಮುಖ ಸಪ್ಪಗೈತೆ?" ಎಂದರು. ಬೇರೆ ದಿನವಾಗಿದ್ದರೆ ಏನೋ ಹೇಳಿ ಮೆಟ್ಟಿಲು ಹತ್ತುತ್ತಿದ್ದೆ. ಅಂದು ಹಾಗೆ ಮಾಡಲಿಲ್ಲ. ಅಲ್ಲೇ ಕೂತು ಡಾಕ್ಟರು ಕೇಳಿದ್ದನ್ನು ಹೇಳಿದೆ.

ಅವರ ಕೈ ನಿಂತಿತು. "ನಿಲ್ತದೆ ಕಣ್ರೀ," ಎಂದರು.

"ಏನಮ್ಮ?"

"ನಿಮ್ಮ ಉಸಿರು. ನನ್ನ ಮಂಚ ನಿಮ್ಮ ರೂಮಿನ ಕೆಳಕ್ಕೇ ಐತಲ್ಲ. ಮೇಲೆ ಬರೀ ಮರದ ಹಲಗೆ, ಎಲ್ಲ ಕೇಳಿಸ್ತದೆ. ಗೊರಕೆ ಹೊಡೀತಾ ಹೊಡೀತಾ ಗಪ್ ಅಂತ ನಿಂತೋಗ್ತದೆ. ನಾನು ಎದ್ದು ಕೂತ್ಕಂಡು ಶಿವನ ಹೆಸರು ಹೇಳ್ಕಂತೀನಿ. ಏಳೋ ಎಂಟೋ ಸಲ ಹೇಳೋ ಹೊತ್ಗೆ ನೀರಲ್ಲಿ ಮುಳುಗಿದೋರು ಎದ್ದಂಗೆ ಒಂದು ಸದ್ದು ಬತ್ತದೆ. ಆಗ ನಾನೂ ಮಲಗ್ತೀನಿ."

"ನಾಲ್ಕು ವರ್ಷದಿಂದ ಯಾಕಮ್ಮ ಹೇಳ್ಲಿಲ್ಲ?"

"ಟೀಚರಮ್ಮಂಗೆ ಗೊರಕೆ ಹೊಡೀತೀರ ಅಂತ ಹೆಂಗ್ ಹೇಳೋದು? ಬೇಜಾರು ಮಾಡ್ಕಂಡು ಮನೆ ಖಾಲಿ ಮಾಡ್ಬಿಟ್ರೆ? ಮೇಲೆ ಒಬ್ರು ಅವ್ರೆ ಅನ್ನೋದೇ ನಂಗೆ ಧೈರ್ಯ."

ಮೊದಲು ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. ನಾನು ಸತ್ತರೂ ಶಾಲೆಯವರು ಫೋನು ಮಾಡುವ ತನಕ ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡು ಎಷ್ಟು ರಾತ್ರಿ ದೀಪ ಆರಿಸಿದ್ದೆ! ಅವರ ಮೊರದಿಂದ ಒಂದಿಷ್ಟು ಕಾಯಿ ತೆಗೆದುಕೊಂಡು ಸುಲಿಯತೊಡಗಿದೆ.

ಮುಂದಿನ ಶನಿವಾರ ಅವರು ಹಣೆಗೆ ವಿಭೂತಿ ಇಟ್ಟು, ಬುತ್ತಿ ಕಟ್ಟಿಕೊಂಡು ನನ್ನ ಜೊತೆ ಹಾಸನಕ್ಕೆ ಬಂದರು. "ತಾಯಿನಾ?" ಎಂದು ಡಾಕ್ಟರು ಕೇಳಿದಾಗ ನಾನು ತಡವರಿಸಿದೆ. "ಕೆಳಗಿನ ಮನೆಯೋಳು," ಎಂದು ಅವರೇ ಹೇಳಿ, ಕೇಳಿದ್ದನ್ನೆಲ್ಲ ಬಿಡದೆ ಒಪ್ಪಿಸಿದರು.

ರಾತ್ರಿ ಮಲಗಿಸಿ ಮಾಡಿದ ನಿದ್ದೆಯ ಪರೀಕ್ಷೆಯಲ್ಲೂ ಅದೇ ಬಂತು. ಮಲಗಿದಾಗ ಗಂಟಲಿನ ದಾರಿ ಕುಸಿದು ಮುಚ್ಚಿಕೊಳ್ಳುತ್ತಿತ್ತು. ಪ್ರತಿ ಸಲವೂ ಉಸಿರಿಗಾಗಿ ಮಿದುಳು ನನ್ನನ್ನು ಅರೆಬರೆ ಎಬ್ಬಿಸುತ್ತಿತ್ತು. ಒಂಬತ್ತು ಗಂಟೆ ಮಲಗಿದರೂ ನಾನು ನಿದ್ದೆ ಮಾಡುತ್ತಲೇ ಇರಲಿಲ್ಲ. ಬಿ.ಪಿ. ಏರಿದ್ದಕ್ಕೂ ಮರೆವಿಗೂ ಇದೇ ಕಾರಣವಿರಬಹುದು, ಬಿಟ್ಟರೆ ಹೃದಯಕ್ಕೂ ತೊಂದರೆ ಎಂದು ಹೇಳಿ, ಡಾಕ್ಟರು ಮಲಗುವಾಗ ಹಾಕಿಕೊಳ್ಳಲು ಗಾಳಿ ಒತ್ತುವ ಯಂತ್ರವೊಂದನ್ನು ಬರೆದುಕೊಟ್ಟರು.

ಮುಖಕ್ಕೆ ಮಾಸ್ಕು, ಅದರಿಂದ ಉದ್ದದ ಕೊಳವೆ. ಒಡತಿ ಮೇಲೆ ಬಂದು ನೋಡಿ, "ಗಣಪತಿ ಕಂಡಂಗೆ ಕಾಣ್ತೀರ," ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮೊದಲ ವಾರ ಉಸಿರುಗಟ್ಟಿದಂತಾಗಿ ಕಿತ್ತೆಸೆಯುತ್ತಿದ್ದೆ. ಡಾಕ್ಟರು ಮಾಸ್ಕಿನ ಅಳತೆ ಬದಲಿಸಿಕೊಟ್ಟರು. ಮೂರನೆಯ ವಾರದಲ್ಲಿ ಒಂದು ಬೆಳಿಗ್ಗೆ ಐದೂವರೆಗೆ ತಾನಾಗಿಯೇ ಎಚ್ಚರವಾಯಿತು. ತಲೆ ಹಗುರವಾಗಿತ್ತು. ಬೀದಿಯ ಹಾಲಿನವನ ಬೆಲ್ಲು, ದೂರದ ರೈಲು, ಎಲ್ಲ ತೊಳೆದಿಟ್ಟಂತೆ ಕೇಳಿಸಿತು. ಯಾರಿಗಾದರೂ ಹೇಳಬೇಕೆನಿಸಿ ಕೆಳಗಿಳಿದೆ.

ಸೂರ್ಯ ಹುಟ್ಟುವ ಮೊದಲೇ ತೆರೆದಿರುತ್ತಿದ್ದ ಬಾಗಿಲು ಮುಚ್ಚಿತ್ತು. ಓಡಿ ಹೋಗಿ ಕಿಟಕಿಯಲ್ಲಿ ಇಣುಕಿದೆ. ಅವರು ಮಗ್ಗುಲಾಗಿ, ಕೆನ್ನೆಯ ಕೆಳಗೆ ಕೈ ಇಟ್ಟುಕೊಂಡು ನಿದ್ದೆ ಮಾಡುತ್ತಿದ್ದರು. ಸೆರಗು ಮೆಲ್ಲಗೆ ಏರಿಳಿಯುತ್ತಿತ್ತು.

ನಾಲ್ಕು ವರ್ಷ ನನ್ನ ಉಸಿರಿಗಾಗಿ ಎದ್ದು ಕೂತವರನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ಮೇಲೆ ಹೋಗಿ ಕಾಫಿ ಮಾಡಿ, ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತು ಒಬ್ಬಳೇ ಕುಡಿದೆ.